ಹೊರಗಿನ ಪಂಕ್ತಿ

ಅರವತ್ತೆರಡರ ಚಳಿಗಾಲ. ಗಡಹಿಂಗ್ಲಜದ ಎಸ್.ಟಿ. ನಿಲ್ದಾಣದಲ್ಲಿ, ಗಾಣದ ಕಡೆಯಿಂದ ತೇಲಿ ಬರುವ ಬೆಲ್ಲದ ವಾಸನೆಗೆ, ತನ್ನೂರಿನ ಬಸ್ಸಿಗೆ ಕಾದಿದ್ದ ಹೀರಾಬಾಯಿಗೆ ಜೊಂಪು ಹತ್ತಿತ್ತು. ನೂಲ ಗ್ರಾಮದ ಮಠಕ್ಕೆ ಹೋಗಲು ಬಸ್ಸು ಕಾಯುತ್ತ ಪಕ್ಕದಲ್ಲಿ ಕೂತಿದ್ದ ಅಣ್ಣತಂಗಿಯ ಮಾತು ಕನಸಿನೊಳಗಿನಿಂದ ಬಂದಂತೆ ಕೇಳುತ್ತಿತ್ತು.

“ಆರು ವರ್ಷ ಆತಲ್ಲೋ ಅಣ್ಣಾ, ಕೊರಳಾಗ ಲಿಂಗ ಕಟ್ಟಿಕೊಂಡು ಮಠದ ಹೊರಗಿನ ಪಂಕ್ತ್ಯಾಗ ಉಣ್ಣಾಕ ಕುಂದರತಿ.”

“ಮಠದ ಅಡಗಿ ನೋಡಾವ ನಮ್ಮ ತಮ್ಮನ ಅಲ್ಲೇನ, ಗೌರವ್ವಾ? ಲಿಂಗ ಇಲ್ಲದವರನ್ನ ಒಳಗ ಬಿಡೂದಿಲ್ಲಂದ. ಅದಕ್ಕ ನಾನ ಹೊರಗ ಬಂದೆ.”

“ಅವಗ ಬುದ್ಧಿ ಹೇಳಬೇಕಿತ್ತು.”

“ಹೇಳಿ ಹೇಳಿ ಬಾಯಿ ಸೋತಿತ್ತು. ಹೋದ ಸೋಮವಾರ ತಾನ ಹುಗ್ಗಿ ಹಿಡಕೊಂಡು ಹೊರಗ ಬಂದ, ನನಗ ಬಡಸಾಕ.”

“ನಿನಗೊಬ್ಬಗ?”

“ನಾ ನಡುವ ಕುಂತಿದ್ದೆ. ಪಂಕ್ತ್ಯಾಗ ಒಬ್ಬರನ್ನ ಬಿಟ್ಟು ಇನ್ನೊಬ್ಬರಿಗೆ ಬಡಸಾಕ ಬರತೈತೇನ? ಈ ತುದಿಯಿಂದ ಆ ತುದಿತನಕ ಎಲ್ಲಾರಿಗೂ ಬಡಸಿದ.”

“ಅಂದ್ರ ಮನಸ್ಸ ತಿರುಗೇತಿ ಅವಂದು!”

“ಎಲ್ಲೀದವ್ವಾ. ಒಳಗ ಹೋಗಿ ತಲಿಮ್ಯಾಲ ನೀರು ಸುರುವಿಕೊಂಡ.”

ಮಂಜಿನೊಳಗಿಂದ ನೂಲದ ಬಸ್ಸು ಮೆಲ್ಲಗೆ ಮೂಡಿ ಬಂತು. ಗೌರವ್ವ ಎದ್ದು ಸೆರಗು ಕೊಡವಿದಳು.

“ಇವತ್ತ ನಿನ್ನ ಬಾಜೂಕ ನಾನೂ ಕುಂದರತೇನಿ. ಎಷ್ಟ ಸರತೆ ಜಳಕಾ ಮಾಡತಾನೋ ನೋಡೂಣು.”

ಇಬ್ಬರೂ ಬಸ್ಸು ಹತ್ತಿದರು.