ಹೆಸರಕಾಳಿನ ಕೆಂಪು ಕಣ್ಣು

ಈ ಸ್ನೇಹಸಮ್ಮೇಳನದ ಅಧ್ಯಕ್ಷರೂ ನಮ್ಮ ಆಡಳಿತ ಮಂಡಳಿಯ ಹಿರಿಯರೂ ಆದ ಶಿವಯೋಗೀಶ ಅವರೇ, ದಯಮಾಡಿಸಿದ ಅತಿಥಿಗಳೇ, ಮುಖ್ಯೋಪಾಧ್ಯಾಯರೇ, ನನ್ನ ಜೊತೆ ವರ್ಷಾನುಗಟ್ಟಲೆ ಸುಣ್ಣದ ಕಡ್ಡಿಯ ಧೂಳು ಕುಡಿದ ಸಹೋದ್ಯೋಗಿಗಳೇ, ಶಾಮಿಯಾನದ ಹೊರಗೂ ನಿಂತಿರುವ ತಾಯಂದಿರೇ, ತಂದೆಯರೇ, ಮುಂದಿನ ಸಾಲಿನಲ್ಲಿ ಒಬ್ಬರನ್ನೊಬ್ಬರು ಚಿವುಟುತ್ತಿರುವ ನನ್ನ ಐದನೆಯ ವರ್ಗದ ಮಕ್ಕಳೇ, ಸಮಸ್ತ ಸಭಿಕರೇ,

ಈಗ ತಾನೇ ನನಗೆ ಶಾಲು ಹೊದಿಸಿದಿರಿ. ಹಣ್ಣಿನ ಬುಟ್ಟಿ ಕೊಟ್ಟಿರಿ. 'ಹೊಲದ ಪಾಠವನ್ನು ವರ್ಗದ ಕೋಣೆಗೆ ತಂದ ಆದರ್ಶ ಶಿಕ್ಷಕಿ ದಾಕ್ಷಾಯಿಣಿ' ಎಂದು ನಿರೂಪಕರು ಓದಿದರು. ಬರುವ ತಿಂಗಳಿನಿಂದ ಧಾರವಾಡದಲ್ಲಿರುವ ಸಂಸ್ಥೆಯ ಇನ್ನೊಂದು ಶಾಲೆಗೆ ನಾನೇ ಮುಖ್ಯಸ್ಥೆ ಎಂದೂ ಸಾರಿದರು. ನೀವು ಚಪ್ಪಾಳೆ ತಟ್ಟಿದಿರಿ. ಸಂತೋಷಪಡಬೇಕಾದ ನಾನು ಶಾಲು ಹೊದ್ದು ಕುಳಿತು ಒಂದೇ ವಿಚಾರ ಮಾಡುತ್ತಿದ್ದೆ. ಯಾಕೆ? ಇಷ್ಟು ವರ್ಷ ಇಲ್ಲದ ಶಾಲು ಈಗ ಯಾಕೆ? ಕೇಳದ ಬಡ್ತಿ ಈಗ ಯಾಕೆ? ಹುಬ್ಬಳ್ಳಿಯಿಂದ ನನ್ನನ್ನು ಧಾರವಾಡಕ್ಕೆ ದಾಟಿಸುವ ಅವಸರ ಯಾರಿಗೆ, ಯಾಕೆ?

ನಗಬೇಡಿ. ನನ್ನ ಗುಣವೇ ಹೀಗೆ. ಹಿಂದಿನ ಬೆಂಚಿನ ಹುಡುಗೂರು ನನಗೆ 'ಸಂಶಯದ ಟೀಚರ್' ಅಂತ ಹೆಸರಿಟ್ಟಿದ್ದು ನನಗೆ ಗೊತ್ತಿಲ್ಲ ಅಂತ ತಿಳಕೊಂಡಾರ. ಗೊತ್ತದ. ನಮ್ಮ ಯಜಮಾನರು ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಮಲ್ಲಿಗಿ ತಂದರು. 'ಯಾಕ ತಂದ್ರಿ?' ಅಂತ ಕೇಳಿದೆ. 'ಸುಮ್ಮನ ತಂದೆ' ಅಂದರು. 'ಸುಮ್ಮನ ಯಾರೂ ತರೂದಿಲ್ಲ, ಖರೇ ಹೇಳ್ರಿ' ಅಂದೆ. ಆಮೇಲೆ ಅವರು ಹೂವು ತರಲಿಲ್ಲ. ಇದನ್ನ ಯಾಕ ಹೇಳಿದೆನೋ, ಭಾಷಣದಾಗ ಬರೆದುಕೊಂಡಿರಲಿಲ್ಲ. ಇರಲಿ.

ಈ ಗುಣ ನನಗೆ ನಮ್ಮ ಅವ್ವನಿಂದ ಬಂದದ್ದು. ಶಿರಗುಪ್ಪಿಯ ಸಂಗವ್ವ ಅಂದರೆ ಸಂತಿಯಲ್ಲಿ ವ್ಯಾಪಾರಿಗಳು ತಕ್ಕಡಿ ಒರೆಸಿ ಇಡುತ್ತಿದ್ದರು. ನಾನು ಸಣ್ಣವಳಿದ್ದಾಗ ಬಿತ್ತಾಕ ಅಂತ ಅಪ್ಪ ಔಷಧ ಹಚ್ಚಿದ ಜೋಳ ತಂದು ಪಡಸಾಲಿಯಲ್ಲಿಟ್ಟಿದ್ದ. ಚೀಲದ ಬಾಯಿ ಬಿಚ್ಚಿಕೊಂಡು ಚೆಲ್ಲಿದ ಕಾಳನ್ನು ಕೋಳಿ ತಿಂದವು. ಸಂಜೀಕ ಅಂಗಳದ ತುಂಬ ಸತ್ತ ಕೋಳಿ. ಅವ್ವ ಅಳಲಿಲ್ಲ. ನಮ್ಮನ್ನೆಲ್ಲ ಸಾಲಾಗಿ ಕೂಡಿಸಿ, ಒಂದು ಅಂಗೈಯಲ್ಲಿ ಆ ಜೋಳ, ಇನ್ನೊಂದು ಅಂಗೈಯಲ್ಲಿ ಅಡಗಿಮನಿ ಜೋಳ ಹಿಡಿದಳು. 'ಬಿತ್ತೂ ಕಾಳು ಬ್ಯಾರೆ, ತಿನ್ನೂ ಕಾಳು ಬ್ಯಾರೆ. ಬಣ್ಣಾ ತೊಳದ್ರ ಎರಡೂ ಅಕ್ಕತಂಗ್ಯಾರ ಇದ್ದಂಗ ಕಾಣ್ತಾವು. ನೋಡಿ ಬಾಯಾಗ ಹಾಕ್ರಿ' ಅಂದಳು. ಬಿ.ಎಡ್. ಕಾಲೇಜಿನಲ್ಲಿಯೂ ನನಗೆ ಅಷ್ಟು ಛಲೋ ಪಾಠ ಯಾರೂ ಮಾಡಲಿಲ್ಲ.

ಸಭಿಕರೇ, ಹೋದ ಮಳೆಗಾಲದಲ್ಲಿ ನಮ್ಮ ವರ್ಗದ ಜಯಾ ಎದ್ದು ನಿಂತು, 'ಟೀಚರ್, ರವಾದ ಗಿಡ ಎಷ್ಟ ಎತ್ತರ ಬೆಳೀತದ್ರಿ?' ಅಂತ ಕೇಳಿದಳು. ದಿನಾ ಮುಂಜಾನೆ ಉಪ್ಪಿಟ್ಟು ತಿನ್ನುವ ಹುಡುಗಿ. ಅವತ್ತು ನಕ್ಕ ಮಕ್ಕಳಿಗೂ ಉತ್ತರ ಗೊತ್ತಿರಲಿಲ್ಲ. ಮರುದಿನದಿಂದ ನಾನು ಪುಸ್ತಕ ಮುಚ್ಚಿಸಿದೆ. ಒಡೆದ ಬಕೀಟಿನಲ್ಲಿ ಮೆಂತ್ಯ ಹಾಕಿದೆವು. ಶೇಂಗಾ ಗಿಡ ಕಿತ್ತು, ಕಾಯಿ ಕೊಂಬಿಗಲ್ಲ, ಮಣ್ಣೊಳಗೆ ಅಂತ ತೋರಿಸಿದೆ. ಬೀಸುಕಲ್ಲು ತಂದು ಗೋಧಿ ಬೀಸಿದೆವು, ಜರಡಿ ಹಿಡಿದೆವು. ಅದರಲ್ಲೇ ರವಾ ಉದುರಿದಾಗ ಜಯಾ ಎದ್ದು ಕುಣಿದಳು.

ಪಾಲಕರು ಒಪ್ಪಿದಿರೇನು? 'ಫೀ ತುಂಬಿ ಸಾಲಿಗಿ ಕಳಸೂದು ಕುಡಗೋಲು ಹಿಡ್ಯಾಕೇನ್ರಿ?' ಅಂತ ಗೇಟಿನಲ್ಲಿ ನಿಲ್ಲಿಸಿ ಕೇಳಿದಿರಿ. ಬೆಳೆದ ಮೆಂತ್ಯವೆಲ್ಲ ಟೀಚರ ಮನೆಗೆ ಹೋಗುತ್ತದೆ ಅಂತಲೂ ಆಡಿಕೊಂಡಿರಿ. ನನಗೆ ಸಿಟ್ಟು ಬರಲಿಲ್ಲ. ಸಂಶಯಪಡುವವರ ಮೇಲೆ ಸಂಶಯದವಳು ಹೇಗೆ ಸಿಟ್ಟಾಗಲಿ?

ಆಗ ನಮ್ಮ ಬೆನ್ನಿಗೆ ನಿಂತವರು ಅಧ್ಯಕ್ಷರು. ಕಾಳುಕಡಿ ಮತ್ತು ಬೀಜದ ದೊಡ್ಡ ವ್ಯಾಪಾರಸ್ಥರು. 'ಮಕ್ಕಳು ಮೊಳಕಿ ಕಟ್ಟಲಿ, ಕೋಸಂಬರಿ ಮಾಡಿ ತಿನ್ನಲಿ' ಅಂತ ತಮ್ಮ ಗೋದಾಮಿನಿಂದ ಒಂದು ಚೀಲ ಹೆಸರಕಾಳು ಕಳಿಸಿದರು. ಇದನ್ನು ನಾನು ಕೃತಜ್ಞತೆಯಿಂದಲೇ ಹೇಳುತ್ತೇನೆ. ಮುಂದಿನದನ್ನೂ ಅದೇ ದನಿಯಲ್ಲಿ ಹೇಳಲು ಪ್ರಯತ್ನ ಮಾಡುತ್ತೇನೆ.

ಮಧ್ಯಾಹ್ನ ಮಕ್ಕಳು ಕಾಳು ನೆನೆಹಾಕಿ ಮನೆಗೆ ಹೋದರು. ಸಂಜೆ ನೀರು ಬಸಿದು ಅರಿವೆಯಲ್ಲಿ ಗಂಟು ಕಟ್ಟಿಡಲು ಪಾತೇಲಿ ಬಗ್ಗಿಸಿದೆ. ಹೆಸರಕಾಳಿನ ನೀರು ಹಸಿರು ಛಾಯೆಗೆ ಇರಬೇಕು. ಇದು ಗುಲಾಬಿ. ಮೂಸಿ ನೋಡಿದೆ. ಮಣ್ಣಿನ ವಾಸನೆಯಲ್ಲ, ಕಾಳಿನ ವಾಸನೆಯೂ ಅಲ್ಲ. ನನ್ನ ಮೊದಲ ಸಂಶಯ ಯಾರ ಮೇಲೆ ಹೋಯಿತು? ಪಾತೇಲಿ ತೊಳೆದಿಟ್ಟ ನಮ್ಮ ಜವಾನ ಅಮೀನಸಾಬರ ಮೇಲೆ.

'ನೀರಾಗ ಏನ ಹಾಕೀರಿ, ಖರೇ ಹೇಳ್ರಿ' ಅಂದೆ.

'ಅಕ್ಕಾವ್ರ, ನನ್ನ ಮೊಮ್ಮಗಳು ಹುಸ್ನಾ ಇದ ವರ್ಗದಾಗ ಅದಾಳ್ರಿ. ನಾಳೆ ಅಕಿನೂ ಇದನ್ನ ತಿನ್ನಾಕಿ. ನಾ ಏನ ಹಾಕ್ಲ್ರಿ?' ಅಂದರು. ಅಷ್ಟೇ ಅಂದು ಹೊರಗೆ ಹೋದರು.

ಅಮೀನಸಾಬರೇ, ಅಲ್ಲಿ ಗೇಟಿನ ಹತ್ತಿರ ನಿಂತೀರಿ, ಇನ್ನೂ ನನ್ನ ಕಡೆ ನೋಡೂದಿಲ್ಲ. ನೋಡದಿದ್ದರೂ ನಡೆದೀತು, ಕೇಳಿಸಿಕೊಂಡರೆ ಸಾಕು. ತಪ್ಪು ನಂದು.

ಅವರು ಹೋದ ಮೇಲೆ ಕಾಳನ್ನು ಅಂಗೈಯಲ್ಲಿ ಹರವಿದೆ. ಮಕ್ಕಳ ಪೆಟ್ಟಿಗೆಯಿಂದ ಭೂತಗನ್ನಡಿ ತೆಗೆದು ನೋಡಿದೆ. ಹೆಸರಕಾಳಿಗೆ ಒಂದು ಬಿಳೀ ಕಣ್ಣು ಇರುತ್ತದಲ್ಲ, ಮೊಳಕೆ ಒಡೆಯುವ ಜಾಗ, ಅದು ಬಿಳೀ ಇರಲಿಲ್ಲ, ಕೆಂಪಿತ್ತು. ಯಾರೋ ಕಾಳನ್ನ ತೊಳೆದಿದ್ದರು, ತಿಕ್ಕಿದ್ದರು, ಒಣಗಿಸಿದ್ದರು. ಕಣ್ಣೊಳಗಿನ ಬಣ್ಣ ಹೋಗಿರಲಿಲ್ಲ. ಬಿತ್ತುವ ಬೀಜಕ್ಕೆ ಔಷಧ ಹಚ್ಚಿದಾಗ ತಿನ್ನಬಾರದು ಅಂತ ಗುರುತಿಗೆ ಹಾಕುವ ಬಣ್ಣ ಅದು.

ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿಸಿ ನೆನೆದದ್ದನ್ನೆಲ್ಲ ಸುರಿದು ಮುಚ್ಚಿಸಿದೆ. ಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮರುದಿನ ಅರಿವೆ ಗಂಟು ಬಿಚ್ಚಲು ಓಡಿ ಬಂದ ಮಕ್ಕಳು ಖಾಲಿ ಪಾತೇಲಿ ನೋಡಿ ಅತ್ತರು. ಮಕ್ಕಳು ಅತ್ತದ್ದಕ್ಕೆ ಪಾಲಕರು ಬಂದರು, ಪಾಲಕರು ಬಂದದ್ದಕ್ಕೆ ಮುಖ್ಯೋಪಾಧ್ಯಾಯರು ಕರೆದರು.

'ಯಾವ ಹುಡುಗಗರ ಏನರ ಆಗೇದೇನ್ರಿ?'

'ಇಲ್ಲ ಸರ್.'

'ಮತ್ತೇನಾತ್ರಿ?'

ಸಭಿಕರೇ, ಆಗದೇ ತಪ್ಪಿದ ಅನಾಹುತವನ್ನು ತೋರಿಸಲು ನನ್ನ ಹತ್ತಿರ ಏನಿತ್ತು? ಆ ವಾರವೆಲ್ಲ ಸ್ಟಾಫ್ ರೂಮಿನಲ್ಲಿ ನಾನು ಬಂದ ಕೂಡಲೇ ಮಾತು ನಿಲ್ಲುತ್ತಿತ್ತು. ನಮ್ಮ ಸಂಶಯದ ಟೀಚರಿಗೆ ತಲೆ ಕೆಟ್ಟಿದೆ ಅಂತ ನನಗೂ ಒಂದೆರಡು ಸಲ ಅನ್ನಿಸಿತು. ಕಾಳನ್ನು ಧಾರವಾಡದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದೆ. ಬೀಜಕ್ಕೆ ಹಚ್ಚುವ ವಿಷವೇ ಹೌದು ಅಂದರು.

ಅಧ್ಯಕ್ಷರ ಅಂಗಡಿಗೆ ಹೋದೆ. ಗೌರವದಿಂದ ಕೂಡಿಸಿ ಚಹಾ ತರಿಸಿದರು. 'ಚೀಲ ಅದಲಬದಲ ಆಗಿರಬೇಕ್ರಿ ಟೀಚರ್' ಅಂದರು. ಸರಿ ಅಂತ ಎದ್ದು ಬಂದೆ. ಮುಂದಿನ ಸಲ ಕೇಳಿದಾಗ, 'ಅದು ನಮ್ಮ ಗೋದಾಮಿಂದ ಅಲ್ಲ, ಹೊರಗಿಂದ ತರಿಸಿದ್ದು' ಅಂದರು. ಅದಲಬದಲಾದ ಚೀಲ ಹೊರಗಿನಿಂದ ಹೇಗೆ ಬಂತು? ನಾನು ಮತ್ತೆ ಕೇಳುವ ಮೊದಲೇ ಈ ಸನ್ಮಾನದ ಸುದ್ದಿ ಬಂತು. ಈಗ ಹೇಳಿರಿ, ನನಗೆ ಈ ಶಾಲು ಬೆಚ್ಚಗಾಗುತ್ತದೆಯೇ?

ಹೆಚ್ಚು ಕಾಡಿದ್ದು ಬೇರೆ ಮಾತು. ಕಾಳು ತೊಳೆದು ಒಣಗಿಸುವ ಕಷ್ಟವನ್ನ ಒಂದು ಚೀಲಕ್ಕೋಸ್ಕರ ಯಾರೂ ಪಡುವುದಿಲ್ಲ. ಸಾಲಿಗೆ ಬಂದದ್ದು ಒಂದು. ಉಳಿದವು ಎಲ್ಲಿ ಹೋದವು?

ಮಕ್ಕಳಿಗೆ ಹೊಸ ಪಾಠ ಕೊಟ್ಟೆ. 'ಮನ್ಯಾಗಿನ ಹೆಸರಕಾಳು ಅಂಗೈ ಮ್ಯಾಲೆ ಹಾಕಿ ಕಣ್ಣ ನೋಡ್ರಿ. ಕೆಂಪ ಇದ್ರ ಅವ್ವಗ ಅಡಗಿ ಮಾಡಬ್ಯಾಡ ಅಂತ ಹೇಳಿ, ನನಗ ತಂದ ತೋರಸ್ರಿ' ಅಂದೆ. ಅವತ್ತು ಹಾಜರಿದ್ದವರೆಲ್ಲ ನೋಡಿ ಬಂದರು. ಹುಸ್ನಾ ಹರಳು ಆರಿಸಿ ತಂದಳು. ಜಯಾ ನುಸಿ ತಂದಳು, ಜೀವಂತ. ಕೆಂಪು ಯಾರಿಗೂ ಸಿಗಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ನಿನ್ನೆ, ಈ ವೇದಿಕೆಗೆ ಬಣ್ಣದ ಕಾಗದ ಅಂಟಿಸುತ್ತಿದ್ದಾಗ, ಜ್ವರ ಬಂದು ವಾರ ರಜೆಯಲ್ಲಿದ್ದ ಉಮಾಶ್ರೀ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದಳು. 'ಟೀಚರ್, ಎಲ್ಲಾರೂ ನೋಡಿ ಮುಗಿಸ್ಯಾರಂತ. ನಂದ ಉಳದೇತಿ' ಅಂದಳು. ಮುಚ್ಚಳ ತೆಗೆದೆ. ಬೆಳಕಿಗೆ ಹಿಡಿದೆ. ಭೂತಗನ್ನಡಿ ಬೇಕಾಗಲಿಲ್ಲ.

'ಎಲ್ಲಿಂದ ತಂದದ್ದವ್ವಾ ಇದು?'

'ಕೇಶ್ವಾಪುರದ ಅಂಗಡ್ಯಾಗ ಅವ್ವ ತೊಗೊಂಡಾಳ್ರಿ. ಮನ್ಯಾಗಿಂದು ತೀರಿತ್ತು. ಅಜ್ಜಾಗ ದಿನಾ ಹೆಸರಕಾಳ ಗಂಜಿ ಬೇಕ್ರಿ, ಡಾಕ್ಟರ್ ಹೇಳ್ಯಾರ. ನನಗೂ ಜ್ವರದಾಗ ಅದನ್ನ ಕೊಟ್ರು.'

ಉಮಾಶ್ರೀಯ ಮನೆ ದೇಶಪಾಂಡೆ ನಗರದಲ್ಲಿದೆ. ಆಕೆಯ ಅಜ್ಜ ಇಲ್ಲಿಯೇ ಕುಳಿತಿದ್ದಾರೆ, ಅಧ್ಯಕ್ಷರ ಕುರ್ಚಿಯಲ್ಲಿ.

ಡಬ್ಬಿಯನ್ನು ನಾನು ಇಟ್ಟುಕೊಂಡೆ. ಮಗುವನ್ನು ಕರೆದುಕೊಂಡು ಮನೆಗೆ ಹೋಗಿ, ತಾಯಿಗೆ ಹೇಳಿ, ಗಂಜಿ ಕುಡಿದ ಮಗು, ಅಜ್ಜ ಇಬ್ಬರನ್ನೂ ದವಾಖಾನೆಗೆ ಕಳಿಸಿದೆ. ಮಗು ಆರಾಮಿದ್ದಾಳೆ, ಅಲ್ಲಿ ಕುಳಿತಿದ್ದಾಳೆ, ಗಾಬರಿಯಾಗಬೇಡಿ. ಜ್ವರ ಜ್ವರವೇ ಆಗಿತ್ತಂತೆ. ಡಾಕ್ಟರು ಹಾಗೆ ಅಂದರು. ನಂಬಿದೆನೇ? ಅರ್ಧ.

ಇವತ್ತು ಮುಂಜಾನೆ ಅಧ್ಯಕ್ಷರು ನಮ್ಮ ಮನೆ ಬಾಗಿಲಿಗೆ ಬಂದರು. ಕೂಡ್ರಿ ಅಂದರೂ ಕೂಡಲಿಲ್ಲ.

'ಟೀಚರ್, ಎರಡ ಸಲಾನೂ ನಿಮಗ ಸುಳ್ಳ ಹೇಳೇನಿ' ಅಂದರು. 'ಮಾರಾಟ ಆಗಲಾರದ ಹಳೇ ಬೀಜ ಬಹಳ ಉಳದಿತ್ತು. ಎಲ್ಲಾ ನಾಶ ಮಾಡಪಾ ಅಂತ ನಮ್ಮ ತಂಗಿ ಮಗ ಕಲ್ಲೇಶಗ ಹೇಳಿದ್ದೆ. ಮಾಡಿದ್ಯಾ ಅಂತ ಕೇಳ್ದೆ, ಹೂಂ ಅಂದ. ಅವ ತೊಳಸಿ ಮಾರ್ಯಾನಂತ ಕಾಣ್ತದ. ನೋಡಾಕ ಹೋಗ್ಲಿಲ್ಲ. ನೀವು ಬಂದು ಹೇಳಿದ ಮ್ಯಾಲೂ ಹೋಗ್ಲಿಲ್ಲ. ಹೋದ್ರ ಏನ ಕಾಣ್ತದೋ ಅಂತ ಅಂಜಿಕಿ ಆತ್ರಿ.'

ದೊಡ್ಡ ಮನುಷ್ಯ ನನ್ನ ಹೊಸ್ತಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. 'ಕಾರ್ಯಕ್ರಮ ಮುಗೀಲಿ. ಇಬ್ಬರೂ ಕೂಡೇ ಗೋದಾಮಿಗೆ ಹೋಗೂಣು. ಅಧಿಕಾರಿಗಳನ್ನ ನಾನ ಕರಸ್ತೀನಿ. ಯಾವ್ಯಾವ ಅಂಗಡಿಗೆ ಹೋಗೇತಿ, ಎಲ್ಲಾ ವಾಪಸ್ ತರಸ್ತೀನಿ' ಅಂದರು.

ಸಭಿಕರೇ, ಆ ಕಣ್ಣೀರು ಖರೇ ಇತ್ತು. ಮೊಮ್ಮಗಳ ಮೇಲಿನ ಜೀವವೂ ಖರೇ. ಆದರೆ 'ಕಾರ್ಯಕ್ರಮ ಮುಗೀಲಿ' ಅಂದರಲ್ಲ. ಯಾಕೆ ಮುಗಿಯಬೇಕು? ನಾನು ಮೈಕಿನ ಮುಂದೆ ಸುಮ್ಮನಿರಲಿ ಅಂತಲೇ? ಅಷ್ಟರೊಳಗೆ ಗೋದಾಮು ಖಾಲಿಯಾಗಲಿ ಅಂತಲೇ? ಅಥವಾ ಮಕ್ಕಳ ಕುಣಿತ ಕೆಡದಿರಲಿ ಅಂತ ಒಬ್ಬ ಅಜ್ಜ ಆಡಿದ ಸಾದಾ ಮಾತೇ? ನನಗೆ ಗೊತ್ತಿಲ್ಲ. ಆಣೆ ಮಾಡಿ ಹೇಳ್ತೇನಿ, ಗೊತ್ತಿಲ್ಲ. ಒಬ್ಬಾಕಿನ ತಿಳಕೊಂಡು ಕೂತ್ರ ಸಂಶಯ ನನ್ನನ್ನೇ ತಿಂತದ. ಅದಕ್ಕೇ ನಿಮ್ಮೆಲ್ಲರ ಮುಂದೆ ಹರವಿದೆ. ಈಗ ಇದು ನನ್ನೊಬ್ಬಳ ಮಾತಲ್ಲ.

ಅಧ್ಯಕ್ಷರು ಎದ್ದು ನಿಂತರು. ಮೈಕು ಕಸಿದುಕೊಳ್ಳಲು ಬಂದರೇನೋ ಅಂತ ನಾನು ಗಟ್ಟಿಯಾಗಿ ಹಿಡಿದುಕೊಂಡೆ, ನೋಡಿದಿರಲ್ಲ. ಇಲ್ಲ, ಅವರು ಮೆಟ್ಟಿಲು ಇಳಿಯುತ್ತಿದ್ದಾರೆ. ಗೇಟಿನ ಕಡೆ ನಡೆದಿದ್ದಾರೆ. ದಾರಿ ಬಿಡ್ರಿ ಅವರಿಗೆ. ಕಾರಿನ ಬಾಗಿಲು ತೆಗೆದು ನಿಂತರು. ಹತ್ತಲಿಲ್ಲ. ನನ್ನ ಕಡೆ ನೋಡುತ್ತಿದ್ದಾರೆ.

ಹಾಗಾದರೆ ಭಾಷಣ ಇಲ್ಲಿಗೆ ಸಾಕು. ನಿರೂಪಕರೇ, ಹುಡುಗೂರ ಕುಣಿತ ನಿಲ್ಲಿಸಬೇಡಿ, ತಿಂಗಳಿಂದ ಕಲಿತಾವ. ಪಾಲಕರಲ್ಲಿ ಬೈಕು ತಂದವರು ನಾಲ್ಕು ಮಂದಿ ನಮ್ಮ ಹಿಂದ ಬರ್ರಿ. ಅಧ್ಯಕ್ಷರ ಮೇಲೆ ನಂಬಿಕೆಯಿಲ್ಲ ಅಂತಲ್ಲ, ಗೋದಾಮಿನ ಚೀಲ ಎಣಿಸಲು ಕೈ ಬೇಕು. ಉಳಿದವರು ಮನೆಗೆ ಹೋದ ಮೇಲೆ ಒಲೆ ಹಚ್ಚುವ ಮೊದಲು ಕಾಳು ನೋಡಿರಿ, ಹೇಗೆ ನೋಡಬೇಕು ಅಂತ ಮಕ್ಕಳನ್ನ ಕೇಳಿರಿ. ಅವಕ್ಕ ಬರ್ತದ.

ಕೇಳಿಸಿಕೊಂಡಿರಿ, ಚಪ್ಪಾಳೆ ತಟ್ಟಲಿಲ್ಲ, ಎರಡಕ್ಕೂ ಧನ್ಯವಾದ. ಬರ್ತೇನಿ, ಕಾರು ಕಾಯಾಕತ್ತದ. ನಮಸ್ಕಾರ.