ಕ್ಷೌರದ ಕತ್ತಿಯಡಿ ಕೊಟ್ಟ ಮಾತು

ಈ ಸಭೆಯ ಅಧ್ಯಕ್ಷರೇ, ಅಂದರೆ ಮೊನ್ನೆಯ ಚುನಾವಣೆಯಲ್ಲಿ ನನ್ನನ್ನು ಸೋಲಿಸಿ ನಮ್ಮ ವಾರ್ಡಿನ ನಗರಸಭಾ ಸದಸ್ಯರಾದವರೇ, ನನ್ನ ಬೀಳ್ಕೊಡುಗೆ ಏರ್ಪಡಿಸಿರುವ ಅಂಗಡಿಕಾರರ ಸಂಘದ ಪದಾಧಿಕಾರಿಗಳೇ, ಮುಂದಿನ ಸಾಲು ಖಾಲಿ ಬಿಟ್ಟು ಹಿಂದೆ ಒತ್ತಿಕೊಂಡು ಕುಳಿತಿರುವ ಸಭಿಕರೇ,

ನನ್ನನ್ನು ಪರಿಚಯಿಸಿದವರು ‘ಜನನಾಯಕ’ ಎಂದರು. ಠೇವಣಿ ಕಳೆದುಕೊಂಡವನನ್ನು ಹಾಗೆ ಕರೆಯುವುದು ಬೋಳುತಲೆಯವನಿಗೆ ಬಾಚಣಿಗೆ ಕೊಟ್ಟಂತೆ. ನಾನು ಕ್ಷೌರದವನು. ನಿಮ್ಮ ಕೂದಲು ಕತ್ತರಿಸುತ್ತ ಕತ್ತರಿಸುತ್ತ ನನ್ನ ಕೂದಲೂ ಇದೇ ಬೀದಿಯಲ್ಲಿ ನರೆಯಿತು.

ನಾನೇಕೆ ಚುನಾವಣೆಗೆ ನಿಂತೆ? ನೀವು ನಿಲ್ಲಿಸಿದಿರಿ, ನಿಂತೆ. ನನ್ನ ಕುರ್ಚಿಯಲ್ಲಿ ಕೂತವರೆಲ್ಲ ಬೈಯುತ್ತಿದ್ದುದು ಒಂದನ್ನೇ, ಅಂಗಡಿಗಳ ಮುಂದೆ ಉಕ್ಕಿ ಹರಿಯುವ ಆ ಚರಂಡಿಯನ್ನು. ಬೇಕರಿಯವರು ಒಂದು ದಿನ, “ಬರೀ ತಲೆ ಆಡಿಸ್ತೀಯಲ್ಲ, ನೀನೇ ನಿಂತ್ಕೋಬಾರ್ದೇನಯ್ಯ? ನಾವೆಲ್ಲ ಇದ್ದೀವಿ” ಎಂದರು. ಇವತ್ತೂ ನೀವೆಲ್ಲ ಪ್ಯಾಂಟು ಮಡಚಿಕೊಂಡೇ ಆ ಚರಂಡಿ ದಾಟಿ ಬಂದಿದ್ದೀರಿ.

ನನಗೆ ಪಕ್ಷವಿರಲಿಲ್ಲ, ಜೀಪಿರಲಿಲ್ಲ. ಹೆಂಡತಿ ಮೈದಾ ಅಂಟು ಕಾಯಿಸಿ ಗೋಡೆಗಳಿಗೆ ಪೋಸ್ಟರ್ ಹಚ್ಚಿದಳು. ನಾನು ಅಂಗಡಿಯಲ್ಲೇ ಪ್ರಚಾರ ಮಾಡಿದೆ. ಕೆನ್ನೆಗೆ ನೊರೆ ಹಚ್ಚಿ, ತಲೆಯನ್ನು ಹಿಂದಕ್ಕೆ ಒರಗಿಸಿ, ಗಂಟಲ ಮೇಲೆ ಕತ್ತಿ ಆಡಿಸುತ್ತ, “ಈ ಸಲ ನನಗೇ ಅಲ್ವಾ ಅಣ್ಣಾ?” ಎಂದು ಕೇಳುತ್ತಿದ್ದೆ. ಒಬ್ಬರನ್ನು ಬಿಟ್ಟು ಎಲ್ಲರೂ ಹೂಂ ಎಂದರು. ಮನೆಗೆ ಹೋಗಿ, ಗೆದ್ದೆವು ಕಣೇ ಎಂದೆ.

ಫಲಿತಾಂಶದ ಸಂಜೆ ಗೋಡೆಗೊರಗಿ ಕೂತಿದ್ದೆ. ಎಲ್ಲಿ ಹೋಯಿತು ಅಷ್ಟು ಜನ ಕೊಟ್ಟ ಮಾತು? ಹೆಂಡತಿ ಮೆಲ್ಲಗೆ ಹೇಳಿದಳು, “ರೀ, ಕುತ್ತಿಗೆ ಮೇಲೆ ಕತ್ತಿ ಇಟ್ಟು ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ?” ನಗು ಬಂತೇ? ನನಗೂ ಬಂತು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇದನ್ನು ಹೇಳಬಾರದೆಂದುಕೊಂಡೇ ಬಂದಿದ್ದೆ, ಇರಲಿ.

ವೋಟು ಹೋದರೆ ಹೋಗಲಿ. ನೀವೇಕೆ ಅಂಗಡಿಗೆ ಬರುವುದನ್ನು ಬಿಟ್ಟಿರಿ? ಸೇಡು ತೀರಿಸಿಕೊಳ್ಳುತ್ತೇನೆಂಬ ಹೆದರಿಕೆಯೇ? ಸುಳ್ಳು ಹೇಳಿದ ನಾಚಿಕೆಯೇ? ಇಲ್ಲಿ ನಿಂತರೆ ಎಲ್ಲರ ತಲೆಯೂ ಕಾಣುತ್ತದೆ. ಬೇಕರಿಯವರೇ, ನಿಮ್ಮ ಎಡಗಡೆಯ ಕೆನ್ನೆಗೂದಲು ಬಲಗಡೆಯದಕ್ಕಿಂತ ಮೇಲೆ ಹೋಗಿದೆ, ನಾನಾಗಿದ್ದರೆ ಹಾಗೆ ಕಳಿಸುತ್ತಿರಲಿಲ್ಲ. ಅಧ್ಯಕ್ಷರೇ, ನಿಮ್ಮ ನೆತ್ತಿಯ ಸುಳಿ ತಿಳಿಯದವರು ಯಾರೋ ಕತ್ತರಿ ಆಡಿಸಿದ್ದಾರೆ. ನೀವು ನಿಮ್ಮ ತಂದೆಯ ತೊಡೆಯ ಮೇಲೆ ಕೂತು ಅತ್ತ ದಿನದಿಂದ ಆ ಸುಳಿಯನ್ನು ಬಲ್ಲೆ.

ನನ್ನ ಕತ್ತರಿ ಆಡಿದ ತಲೆ ಈ ಸಭೆಯಲ್ಲಿ ಒಂದೇ ಒಂದು, ಬಾಗಿಲ ಹತ್ತಿರ ಕೂತಿರುವ ನಿವೃತ್ತ ಅಂಚೆಯವರದು. ಅರ್ಧ ಗಡ್ಡ ಆಗಿದ್ದಾಗಲೇ ಅವರು, “ನಿನಗೆ ವೋಟು ಹಾಕಲ್ಲ ಕಣಯ್ಯ, ಅದು ನಿನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ” ಎಂದಿದ್ದರು. ಸಿಟ್ಟಾಗಿ ಮಾತು ಬಿಟ್ಟೆ. ಅವರು ಮುಂದಿನ ವಾರವೂ ಬಂದು ಕೂತರು. ಆದರೆ ಒಂದು ತಲೆಯಿಂದ ಅಂಗಡಿ ನಡೆಯುತ್ತದೆಯೇ? ನಾಡಿದ್ದು ಭಾವಮೈದುನನ ಊರಿಗೆ ಹೊರಟಿದ್ದೇವೆ, ಅವನ ಅಂಗಡಿಯಲ್ಲಿ ಕೆಲಸಕ್ಕೆ. ನನ್ನವಳು ಇಲ್ಲಿಗೆ ಬಂದಿಲ್ಲ, ಪಾತ್ರೆ ಕಟ್ಟುತ್ತಿದ್ದಾಳೆ.

ಮೊದಲು ನೀವು ನನ್ನ ಕುರ್ಚಿಯಲ್ಲಿ ನಿದ್ದೆ ಹೋಗುತ್ತಿದ್ದಿರಿ, ನೆನಪಿದೆಯೇ? ಗಂಟಲ ಮೇಲೆ ಕತ್ತಿಯಿದ್ದರೂ ಗೊರಕೆ ಹೊಡೆಯುತ್ತಿದ್ದಿರಿ. ನಾನು ವೋಟು ಕೇಳತೊಡಗಿದ ಮೇಲೆ ಒಬ್ಬರೂ ಕಣ್ಣು ಮುಚ್ಚಲಿಲ್ಲ. ಅದು ಆಗ ನನಗೆ ಕಾಣಲಿಲ್ಲ. ನಿಮ್ಮ ನಂಬಿಕೆ ಅದಾಗಲೇ ನನ್ನ ಕೈಯಲ್ಲಿತ್ತು, ನಾನು ವೋಟಿಗೆ ಕೈ ಚಾಚಿ ಅದನ್ನು ಕೆಳಗೆ ಬೀಳಿಸಿದೆ.

ನಾಳೆ ಒಂದು ದಿನ ಅಂಗಡಿ ತೆರೆದಿರುತ್ತದೆ. ಏನನ್ನೂ ಕೇಳುವುದಿಲ್ಲ. ಬಂದು, ಕೂತು, ಒಂದು ಜೊಂಪು ನಿದ್ದೆ ಮಾಡಿ ಹೋಗಿ. ಕೆಲಸ ಮುಗಿಸಿ, ನೀವಾಗಿ ಏಳುವವರೆಗೆ ಪಕ್ಕದಲ್ಲೇ ನಿಂತಿರುತ್ತೇನೆ.

ಇಷ್ಟು ಹೊತ್ತು ತಲೆ ತಗ್ಗಿಸಿಕೊಂಡಾದರೂ ಕೇಳಿದಿರಿ, ಅದಕ್ಕೆ ಋಣಿ. ಎಲ್ಲರಿಗೂ ನಮಸ್ಕಾರ.