ನೆರಳಲ್ಲಿ ಆರಿದ ಐರಾಣಿ

ವೇಗ ಎಂದರೇನು, ತಾಯಂದಿರೇ? ಗಾಡಿಗೆ ವೇಗ ಎನ್ನುತ್ತೇವೆ, ಹೊಳೆಗೆ ಸೆಳವು ಎನ್ನುತ್ತೇವೆ, ಕೆಲಸದ ಕೈಗೆ ಚುರುಕು ಎನ್ನುತ್ತೇವೆ. ಪಕ್ಕದ ಮನೆಯವರು ನಮಗಿಂತ ಮುಂದೆ ಹೋದಾಗ ಒಳಗೇನೋ ಏಳುತ್ತದಲ್ಲ, ಅದೂ ವೇಗವೇ? ಅಲ್ಲ, ಅದು ಅವಸರ. ಅದನ್ನು ಹೆತ್ತವಳು ಹೊಟ್ಟೆಕಿಚ್ಚು. ಹೇಗೆ ಅಂತೀರಾ? ಕೇಳಿ.

ಒಂದೂರಿನ ಶ್ರೀಮಂತನ ಮನೆಯಲ್ಲಿ ಮಗಳ ಮದುವೆ ಗೊತ್ತಾಯಿತು. ಮದುವೆ ಅಂದಮೇಲೆ ಐರಾಣಿ ಬೇಕಲ್ಲ? ಕುಂಬಾರನ ಮನೆಗೆ ವಾಲಗದೊಡನೆ ಹೋಗಿ, ಸುಣ್ಣದ ಚಿತ್ತಾರ ಬರೆದ ಗಡಿಗೆಗಳನ್ನು ಮುತ್ತೈದೆಯರು ಹೊತ್ತು ತರುತ್ತಾರಲ್ಲ, ಅವೇ. ಆ ಊರಲ್ಲಿ ಕುಂಬಾರರದು ಎರಡೇ ಮನೆ. ಒಂದು ಅಣ್ಣನದು, ಒಂದು ತಮ್ಮನದು, ನಡುವೆ ಮೋಟು ಗೋಡೆ. ಐರಾಣಿ ಕೊಡುವ ಮಾನ ಅಪ್ಪನ ಕಾಲದಿಂದ ಹಿರಿಯನದು.

ಊರ ಬಾಯಿ ಸುಮ್ಮನಿರುತ್ತದೆಯೇ? "ತಮ್ಮನ ಕೈ ನೋಡ್ರಿ! ತಿಗರಿ ತಿರುಗೂದ್ರಾಗ ಗಡಿಗಿ ಎದ್ದಿರತೈತಿ" ಅಂದರು.

ಅಣ್ಣನ ಕಿವಿಗೆ ಬಿತ್ತು. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಗೋಡೆಗೆ ಗದ್ದ ಊರಿ ತಮ್ಮನ ತಿಗರಿಯನ್ನೇ ನೋಡುತ್ತ ನಿಂತ. ಒಂದು ದಿನವಲ್ಲ, ಎರಡು ದಿನವಲ್ಲ, ಎಂಟು ದಿನ! ನೋಡಿ, ಅಷ್ಟೂ ದಿನ ಅವನ ಸ್ವಂತ ತಿಗರಿ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು.

ಮದುವೆಗೆ ಮೂರು ದಿನ ಉಳಿದಾಗ ಶ್ರೀಮಂತ ಹೇಳಿಕಳಿಸಿದ: "ನಿನ್ನ ಕಡೆ ಐರಾಣಿ ತಯಾರಿಲ್ಲಂದ್ರ ತಮ್ಮನ ಮನಿಗೇ ವಾಲಗ ಕಳಸ್ತೀವಿ."

ಮಾನ ತಮ್ಮನ ಪಾಲಾಗುವುದೇ? ಅಣ್ಣ ತಿಗರಿ ಎಳೆದ, ಗಡಿಗೆ ಎತ್ತಿದ, ಉರಿಬಿಸಿಲಿಗೆ ಇಟ್ಟ. ಮರುದಿನವೇ ಗಡಿಗೆ ಸುಡುವ ಆವಿಗೆಗೆ ಜೋಡಿಸತೊಡಗಿದ.

"ಇನ್ನೂ ಹಸಿ ಅದಾವ್ರೀ" ಎಂದಳು ಹೆಂಡತಿ.

"ಸುಮ್ನಿರ! ಅವನ ಕೈಲಿ ಆಗೂದು ನನ್ನ ಕೈಲಿ ಆಗೂದಿಲ್ಲೇನು?"

ಬೆಂಕಿ ಹಚ್ಚಿದ. ಒಳಗಿನ ಹಸಿ ಬೆಂಕಿಯನ್ನು ತಾಳುತ್ತದೆಯೇ? ಟಪ್! ಟಪ್! ಒಂದೂ ಉಳಿಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತೀವಿ. ಇಲ್ಲಿ ದೊಣ್ಣೆ ಯಾರ ಕೈಯಲ್ಲಿತ್ತು, ಹೇಳಿ?

ಐರಾಣಿಯ ದಿನ ಬಂತು. ಬೀದಿಯ ಕೊನೆಯಲ್ಲಿ ವಾಲಗ ಕೇಳಿಸಿತು. ಅಣ್ಣ ಚೂರುಗಳ ನಡುವೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಆಗ ಮೋಟು ಗೋಡೆ ದಾಟಿ ತಮ್ಮ ಬಂದ. ಕೈಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಚಿತ್ತಾರದ ಐದು ಗಡಿಗೆ.

"ಅಣ್ಣಾ, ಇವನ್ನ ನಿನ್ನ ಪಡಸಾಲ್ಯಾಗ ಇಡು. ಐರಾಣಿ ಹಿರೇ ಮನಿಂದನ ಹೋಗಬೇಕು."

ಅಣ್ಣ ಕೈಮುಗಿದನೇ? ಇಲ್ಲ. ಆಗಲೂ ಕಿಚ್ಚೇ ಮಾತಾಡಿತು: "ಇಷ್ಟು ಲಗೂನ ಹ್ಯಾಂಗ ಮಾಡಿದಿ?"

"ಲಗೂ ಎಲ್ಲಿ ಅಣ್ಣಾ? ತಿಗರಿ ಮ್ಯಾಲ ಒಂದ್ ಗಳಿಗಿ. ಆಮ್ಯಾಲ ಎಂಟು ದಿನ ಚಪ್ಪರದ ಕೆಳಗ ಆರಸೀನಿ. ದಿನಾ ಗೋಡಿ ಮ್ಯಾಲಿಂದ ನೋಡತಿದ್ದೆಲ್ಲ, ಕಾಣಲಿಲ್ಲೇನು?"

ಅಣ್ಣ ಬುಟ್ಟಿ ತೆಗೆದುಕೊಂಡ. ಒಯ್ದು ಪಡಸಾಲೆಯಲ್ಲಿಟ್ಟ.

ಈಗ ನಿಮ್ಮ ಮಾತಿಗೆ ಬರೋಣ. "ಆ ಮನೆ ಹುಡುಗಿ ಎಷ್ಟು ಬೇಗ ಓದಿದಳು, ನಿನಗೇನಾಗಿದೆ?" ಎಂದು ಮಗುವನ್ನು ಇವತ್ತು ಬೆಳಿಗ್ಗೆಯೂ ಗದರಿಸಿ ಬಂದಿದ್ದೀರಿ, ಹೌದೋ ಅಲ್ಲವೋ? ವಾರಗಿತ್ತಿ ಮನೆ ಕಟ್ಟಿಸಿದಳೆಂದು ಗಂಡನಿಗೆ ಊಟಕ್ಕೆ ಬಡಿಸುವಾಗ ಚುಚ್ಚುತ್ತೀರಿ. ಆ ಮಾತು ಬಿಡಿ, ನಾಳೆಯಿಂದಲ್ಲ, ಈಗಿನಿಂದಲೇ ಬಿಡಿ. ಗೋಡೆಯಾಚೆ ಇಣುಕಲೇಬೇಕೆನಿಸಿದರೆ, ತಿರುಗುವ ತಿಗರಿಯನ್ನಷ್ಟೇ ನೋಡಬೇಡಿ. ಚಪ್ಪರದ ಕೆಳಗೂ ನೋಡಿ. ನೋಡಿದ ಮೇಲೆ ಮನೆಗೆ ಹೋಗಿ ನಿಮ್ಮ ಮಣ್ಣು ಕಲಸಿ.